ಕಡಲತೀರದಲ್ಲಿ ಡಿಟೆಕ್ಟರ್ ಹಿಡಿದು ಒಂದು ದಿನ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರ. ಮನೆ ಹಿಂದೆ ಅಡಿಕೆ ತೋಟ, ಎದುರಿಗೆ ಗುಡ್ಡ. ಕಡಲು ನೋಡಬೇಕೆಂದರೆ ಘಟ್ಟ ಇಳಿಯಬೇಕು. ಆದರೂ ಕೆಲವು ವರ್ಷಗಳಿಂದ ಅಡಿಕೆ ಸುಗ್ಗಿ ಮುಗಿದು ಕೈ ಬಿಡುವಾದ ಕೂಡಲೇ ನಾನು ಮೆಟಲ್ ಡಿಟೆಕ್ಟರ್, ಅಂದರೆ ನೆಲದಡಿಯ ಲೋಹ ಪತ್ತೆ ಹಚ್ಚುವ ಯಂತ್ರ, ಹಿಡಿದು ಹೊನ್ನಾವರದ ಕಡೆ ಹೊರಡುತ್ತೇನೆ. ಮದುವೆ ಮನೆಯಲ್ಲಿ, ಅಡಿಕೆ ಮಂಡಿಯಲ್ಲಿ, ಬಸ್ಸಿನಲ್ಲಿ ಸಿಕ್ಕವರೆಲ್ಲ ಅದರ ಬಗ್ಗೆ ಕೇಳುತ್ತಾರೆ. ಹಾಗೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಘಟ್ಟದ ಮೇಲಿನವರಿಗೆ ಬೀಚಿನ ಹುಡುಕಾಟ ಯಾಕೆ? ಇಲ್ಲೇ ಹುಡುಕಬಹುದಲ್ವಾ?

ಇಲ್ಲಿ ಹುಡುಕಬಾರದು ಅನ್ನುವುದೇ ನನ್ನ ಉತ್ತರ. ಕಾರಣ ಮುಂದಿನ ಪ್ರಶ್ನೆಯಲ್ಲಿದೆ. ಬೀಚಿನ ಮಾತೇ ಬೇರೆ. ಅಲ್ಲಿನ ಮರಳನ್ನು ಅಲೆ ದಿನಕ್ಕೆ ಎರಡು ಸಲ ಹೊಸದಾಗಿ ಹಾಸುತ್ತದೆ. ನಿನ್ನೆ ಸಾವಿರಾರು ಜನ ಆಡಿ ಹೋದ ಜಾಗದಲ್ಲಿ ಯಾರದೋ ಉಂಗುರ, ಇನ್ಯಾರದೋ ಕಾಲ್ಗೆಜ್ಜೆ, ಬೈಕಿನ ಕೀ ಬಿದ್ದಿರುತ್ತವೆ. ಅವನ್ನು ಹುಡುಕಿ ತೆಗೆದರೆ ಯಾರ ಇತಿಹಾಸವೂ ಹಾಳಾಗುವುದಿಲ್ಲ. ಆಗುವುದಾದರೆ ಒಬ್ಬರಿಗೆ ಉಪಕಾರವೇ.

ಇನ್ನೊಂದು ವಿಷಯ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ನಾವೂ ತಾಳಗುಪ್ಪ, ಮಾವಿನಗುಂಡಿ, ಗೇರುಸೊಪ್ಪ ದಾಟಿ ಅದೇ ಹೊಳೆಯ ಜೊತೆ ಇಳಿಯುತ್ತೇವೆ. ನಮ್ಮೂರ ಮಳೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಗಳಿಗೆ ತೋರಿಸಿದ್ದು ಈ ದಾರಿಯಲ್ಲೇ.

ಡಿಟೆಕ್ಟರ್ ಅಂದರೆ ನಿಧಿ ಹುಡುಕುವ ಯಂತ್ರ ಅಲ್ವಾ?

ಇದನ್ನು ಕೇಳದವರೇ ಇಲ್ಲ. ಕೇಳಿದವರ ತಪ್ಪೂ ಅಲ್ಲ. ಮಲೆನಾಡಿನಲ್ಲಿ ನಿಧಿಗಳ್ಳರು ಮಾಡಿದ ಹಾನಿಯನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಕಾಡಿನ ನಡುವೆ ಪಾಳುಬಿದ್ದ ಗುಡಿಯ ಪೀಠ ಕಿತ್ತು ಹಾಕಿರುತ್ತಾರೆ. ನಂದಿಯನ್ನು ಪಕ್ಕಕ್ಕೆ ಉರುಳಿಸಿರುತ್ತಾರೆ. ವೀರಗಲ್ಲಿನ ಬುಡದಲ್ಲಿ ಆಳೆತ್ತರದ ಗುಂಡಿ ಬಾಯಿ ತೆರೆದಿರುತ್ತದೆ. ಅಲ್ಲಿ ಚಿನ್ನ ಇರಲಿಲ್ಲ. ಇದ್ದದ್ದು ಒಂದು ಊರಿನ ನೆನಪು, ಅದೂ ಹೋಯಿತು.

ಹಾಗಾಗಿ ಒಂದು ನಿಯಮ ಮಾಡಿಕೊಂಡಿದ್ದೇನೆ, ಅದನ್ನು ಎಂದೂ ಮುರಿದಿಲ್ಲ. ಮನೆ ಬಿಟ್ಟಾಗ ಚೀಲಕ್ಕೆ ಹೋದ ಯಂತ್ರ ಬೀಚಿನ ಮರಳಿನ ಮೇಲೆ ಮಾತ್ರ ಹೊರಗೆ ಬರಬೇಕು. ಇಕ್ಕೇರಿ, ಕೆಳದಿ, ಬಳ್ಳಿಗಾವಿ, ಬಿದನೂರು ನಗರದ ಕೋಟೆ, ಕವಲೇದುರ್ಗಕ್ಕೆ ಹೋಗುವುದಿದ್ದರೆ ಅದು ಮನೆಯಲ್ಲೇ ಇರಬೇಕು. ಕರಾವಳಿಯಲ್ಲೂ ಅಷ್ಟೇ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆಯಾಗಲಿ, ಹೊನ್ನಾವರದ ಎದುರಿನ ಬಸವರಾಜದುರ್ಗ ದ್ವೀಪವಾಗಲಿ ಡಿಟೆಕ್ಟರ್ ಒಯ್ಯುವ ಜಾಗಗಳಲ್ಲ.

ಕಾನೂನು ಏನು ಹೇಳುತ್ತದೆ?

ಈ ಯಂತ್ರ ಅಂಗಡಿಯಲ್ಲಿ ಮುಕ್ತವಾಗಿ ಸಿಗುತ್ತದೆ. ಅದನ್ನು ಎಲ್ಲಿ, ಯಾತಕ್ಕೆ ಹಿಡಿಯುತ್ತೀರಿ ಅನ್ನುವುದೇ ಮುಖ್ಯ.

ನಿಧಿಯ ಕಾನೂನು ತುಂಬ ಹಳೆಯದು. 1878ರ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಹುದುಗಿದ್ದ ವಸ್ತುವಿನ ಬೆಲೆ ಹತ್ತು ರೂಪಾಯಿ ಮೀರಿದರೆ ಸಿಕ್ಕವರು ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಕರ್ನಾಟಕದ್ದೇ ಆದ ನಿಧಿ ಕಾಯ್ದೆ 1962ರದ್ದು. ಅದರಲ್ಲೂ ವಿಷಯ ಜಿಲ್ಲಾಧಿಕಾರಿಗೇ ಹೋಗಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯ, ವಿಗ್ರಹ, ಒಡವೆಗಳು ಪ್ರಾಚ್ಯವಸ್ತುಗಳು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಜಾಗ, ಅದರಾಚೆ 200 ಮೀಟರ್ ನಿಯಂತ್ರಿತ ಜಾಗ. ಅಲ್ಲಿ ಕೈ ಹಾಕಲೇಬಾರದು.

ಬೀಚಿಗೆ ಹೋದ ಕೂಡಲೇ ಅಲ್ಲಿನ ಸಿಬ್ಬಂದಿ ಅಥವಾ ಜೀವರಕ್ಷಕರನ್ನು ಕಂಡು, ಏನು ಮಾಡುತ್ತೀರಿ ಅಂತ ಹೇಳಿ ಒಪ್ಪಿಗೆ ಕೇಳಿ. ಬೇಡ ಅಂದರೆ ಬೇಡ. ಕಾರವಾರದ ಹತ್ತಿರ ನೌಕಾನೆಲೆ ಇದೆ, ಆ ಸುತ್ತಮುತ್ತ ಯಂತ್ರ ತೆಗೆಯಲೇಬೇಡಿ. ಕರಾವಳಿ ಕಾವಲು ಪೊಲೀಸರು ಬಂದು ಕೇಳಿದರೆ ಗಾಬರಿ ಬೇಡ. ಚೀಲ ಬಿಚ್ಚಿ ತೋರಿಸಿ.

ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಗುಡ್ಡದ ಎದುರು ನಿಂತು ಕೂಗಿದರೆ ಮಾರ್ದನಿ ಬರುತ್ತದಲ್ವಾ, ಹಾಗೆ. ಕೋಲಿನ ತುದಿಯಲ್ಲಿ ತಟ್ಟೆಯಂಥ ಕಾಯಿಲ್ (ತಂತಿಯ ಸುರುಳಿ) ಇರುತ್ತದೆ. ಅದರಲ್ಲಿ ವಿದ್ಯುತ್ ಹರಿದಾಗ ಸುತ್ತ ಕಾಂತಕ್ಷೇತ್ರ ಏಳುತ್ತದೆ. ಅದು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಕೆಳಗೆ ಲೋಹ ಇದ್ದರೆ ಆ ಲೋಹದೊಳಗೆ ಪುಟ್ಟ ಸುಳಿಯಂತೆ ವಿದ್ಯುತ್ ಸುತ್ತಿ, ತನ್ನದೇ ಕಾಂತಕ್ಷೇತ್ರವನ್ನು ವಾಪಸ್ ಕಳಿಸುತ್ತದೆ. ಯಂತ್ರ ಆ ಮಾರ್ದನಿಯನ್ನು ಸದ್ದಾಗಿಸಿ ಕಿವಿಗೆ ಕೊಡುತ್ತದೆ. ನಾಣ್ಯ, ಉಂಗುರದಂಥ ಸಣ್ಣ ವಸ್ತು ಒಂದು ಗೇಣು ಆಳದವರೆಗೆ ಸಿಕ್ಕರೆ ಒಳ್ಳೆಯ ಯಂತ್ರ ಎಂದೇ ಲೆಕ್ಕ. ಆಳೆತ್ತರದ ಕೆಳಗಿನ ಚಿನ್ನ ತೋರಿಸುತ್ತೇನೆ ಎಂದು ಮಾರುವವರನ್ನು ನಂಬಬೇಡಿ.

ಹತ್ತಿರದ ಲೋಹ ಯಂತ್ರವನ್ನು ಮೋಸ ಮಾಡುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡು ತಗುಲಿದಾಗ, ಟೆಲಿಫೋನಿನ ಗ್ರಹಾಂ ಬೆಲ್ ಇಂಥದೇ ಸಾಧನ ಮಾಡಿಕೊಂಡು ಮೈಯೊಳಗಿನ ಗುಂಡು ಹುಡುಕಲು ಹೋದರು. ಗುಂಡು ಸಿಗಲಿಲ್ಲ. ಹಾಸಿಗೆಯ ಸ್ಪ್ರಿಂಗುಗಳು ಸದ್ದು ಕೆಡಿಸಿದವು ಎನ್ನುತ್ತಾರೆ. ಅದಕ್ಕೇ ಕಬ್ಬಿಣದ ಸಲಿಕೆಯನ್ನು ಕಾಯಿಲ್‌ನಿಂದ ದೂರ ಇಡಿ. ಲೋಹದ ಮೂತಿ ಇರುವ ಶೂ ಬೇಡ, ಚಪ್ಪಲಿ ಸಾಕು.

ಮನೆ ಅಂಗಳದಲ್ಲಿ ಅಭ್ಯಾಸ ಮಾಡಬಹುದಾ?

ನಮ್ಮ ಅಂಗಳದ ಮಣ್ಣು ಜಂಬಿಟ್ಟಿಗೆ ಮಣ್ಣು. ಆ ಕೆಂಪೆಲ್ಲ ಕಬ್ಬಿಣದ ಅಂಶ. ಕಾಯಿಲ್ ತಗ್ಗಿಸಿದ ಕೂಡಲೇ ಯಂತ್ರ ಕೂಗುತ್ತಲೇ ಇರುತ್ತದೆ. ತೆಗೆದುಕೊಂಡ ದಿನವೇ ಯಂತ್ರ ಕೆಟ್ಟಿದೆ ಎಂದುಕೊಂಡವರು ಇದ್ದಾರೆ. ಯಂತ್ರ ಸರಿ ಇರುತ್ತದೆ, ಅದು ನೆಲವನ್ನೇ ಕೇಳುತ್ತಿರುತ್ತದೆ ಅಷ್ಟೇ. ಒಂದು ಪ್ಲಾಸ್ಟಿಕ್ ಟಬ್ಬಿಗೆ ಮರಳು ತುಂಬಿ, ಅದರಲ್ಲಿ ನಾಣ್ಯ, ಬೆಳ್ಳಿ ಕಾಲುಂಗುರ, ಮೊಳೆ, ಸೋಡಾ ಮುಚ್ಚಳ ಹೂತು ಒಂದೊಂದರ ಸದ್ದು ಕೇಳಿ. ಒಂದು ವಾರ ದಿನಾ ಕಾಲು ಗಂಟೆ ಹೀಗೆ ಮಾಡಿದರೆ ಬೀಚಿನಲ್ಲಿ ಅರ್ಧ ದಿನ ಉಳಿಯುತ್ತದೆ.

ಯಾವ ಯಂತ್ರ ತೆಗೆದುಕೊಳ್ಳಲಿ?

ಒಣ ಮರಳಿಗೆ ಸಾಧಾರಣ ಒಂದೇ ಫ್ರೀಕ್ವೆನ್ಸಿಯ (ಕಾಂತಕ್ಷೇತ್ರ ಒಂದೇ ವೇಗದಲ್ಲಿ ಬದಲಾಗುವ) ಯಂತ್ರ ಸಾಕು. ಒದ್ದೆ ಮರಳಿನದು ಬೇರೆ ಕಥೆ. ಉಪ್ಪುನೀರಿನಲ್ಲಿ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಹಾಗಾಗಿ ಒದ್ದೆ ಮರಳೇ ಲೋಹದಂತೆ ಕೂಗುತ್ತದೆ. ಅಲ್ಲಿ ಹಲವು ಫ್ರೀಕ್ವೆನ್ಸಿಯ ಯಂತ್ರ ಅಥವಾ ವಿದ್ಯುತ್ತನ್ನು ಮಿಡಿತದಂತೆ ಬಿಟ್ಟು ಬಿಟ್ಟು ಕಳಿಸುವ ಪಲ್ಸ್ ಇಂಡಕ್ಷನ್ ಯಂತ್ರ ಬೇಕು. ಆಸ್ಟ್ರೇಲಿಯಾದ ಮೈನ್‌ಲ್ಯಾಬ್, ಅಮೆರಿಕದ ಗ್ಯಾರೆಟ್, ಟರ್ಕಿಯ ನೋಕ್ಟಾ ಹೆಸರುಗಳನ್ನು ಜಾಸ್ತಿ ಕೇಳುತ್ತೀರಿ. ಮೊದಲ ವರ್ಷ ದುಬಾರಿ ಯಂತ್ರ ಬೇಡ ಎಂದೇ ನನ್ನ ಅಭಿಪ್ರಾಯ. ಕಿವಿ ಪಳಗಲಿ, ಆಮೇಲೆ ನೋಡೋಣ.

ಜೊತೆಗೆ ಏನೇನು ಒಯ್ಯಬೇಕು?

ತೂತಿರುವ ಮರಳು ಸಲಿಕೆ, ಹೆಡ್‌ಫೋನ್, ದಪ್ಪ ಕೈಗವಸು. ಮರಳಲ್ಲಿ ಗಾಳದ ಕೊಕ್ಕೆ, ಗಾಜಿನ ಚೂರು ಇರುತ್ತವೆ, ಬರಿಗೈ ಹಾಕಬೇಡಿ. ಎರಡು ಚೀಲ ಬೇಕು, ಒಂದು ಸಿಕ್ಕಿದ್ದಕ್ಕೆ, ಇನ್ನೊಂದು ಕಸಕ್ಕೆ. ಕಸದ ಚೀಲ ದೊಡ್ಡದಿರಲಿ. ಟೋಪಿ, ನಾಲ್ಕು ಲೀಟರ್ ನೀರು. ಬುತ್ತಿಗೆ ನಮ್ಮ ಮನೆಯಲ್ಲಿ ಚಿತ್ರಾನ್ನ, ಮೊಸರನ್ನ, ಅಪ್ಪೆಮಿಡಿ ಉಪ್ಪಿನಕಾಯಿ. ಕಡಲ ಬಿಸಿಲಿಗೆ ಮೊಸರನ್ನ, ಮಿಡಿಯಷ್ಟು ಹಿತವಾದ ಊಟ ಇನ್ನೊಂದಿಲ್ಲ.

ಯಾವ ತಿಂಗಳು, ಯಾವ ಹೊತ್ತು ಒಳ್ಳೆಯದು?

ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಕಡಲು ಕೆರಳಿರುತ್ತದೆ, ಘಟ್ಟದ ರಸ್ತೆಗೂ ಭರವಸೆ ಇಲ್ಲ. ನವರಾತ್ರಿ ಕಳೆದ ಮೇಲೆ ಶುರು ಮಾಡಿ. ಮಳೆಗಾಲದ ಅಲೆ ಮರಳನ್ನು ಕೊರೆದು ಒಯ್ದಿರುತ್ತದೆ, ಹಾಗಾಗಿ ಆಳಕ್ಕೆ ಹೋಗಿದ್ದ ವಸ್ತುಗಳು ಆಗ ಮೇಲಿರುತ್ತವೆ.

ಹೊತ್ತಿನ ಲೆಕ್ಕಕ್ಕೆ ಅಡುಗೆ ಮನೆ ಗೋಡೆಯ ಕ್ಯಾಲೆಂಡರ್ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಜೋರು, ಇಳಿತವೂ ಜೋರು. ಇಳಿತದ ಹೊತ್ತಿಗೆ ಬೇರೆ ದಿನ ನೀರಡಿ ಇರುವ ಮರಳೂ ತೆರೆದುಕೊಳ್ಳುತ್ತದೆ. ಒಂದು ಇಳಿತದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇಳಿತಕ್ಕೆ ಎರಡು ಗಂಟೆ ಮೊದಲು ಮರಳಿನ ಮೇಲಿರಬೇಕು. ನೀರು ಹಿಂದೆ ಸರಿದ ಹಾಗೆ ಅದರ ಬೆನ್ನು ಹಿಡಿದು ಇಳಿಯಿರಿ, ಭರತ ತಿರುಗಿದ ಕೂಡಲೇ ಮೇಲೆ ಬನ್ನಿ. ನಾವು ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಡುತ್ತೇವೆ.

ಯಾವ ಬೀಚು?

ಸಾಗರ, ಸೊರಬದವರಿಗೆ ಹೊನ್ನಾವರ, ಮುರುಡೇಶ್ವರ ಹತ್ತಿರ. ಹೊಸನಗರದವರು ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ, ತೀರ್ಥಹಳ್ಳಿಯವರು ಆಗುಂಬೆ ಇಳಿದು ಮಲ್ಪೆಗೆ ಹೋಗಬಹುದು. ಹೊನ್ನಾವರದ ಕಾಸರಕೋಡು, ಉಡುಪಿ ಕಡೆಯ ಪಡುಬಿದ್ರಿ ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ) ಮಾನ್ಯತೆ ಸಿಕ್ಕಿದೆ. ಅಲ್ಲಿ ವ್ಯವಸ್ಥೆ ಚೆನ್ನಾಗಿದೆ, ನಿಯಮಗಳೂ ಬಿಗಿ. ಮರವಂತೆ ನೋಡಲು ಚಂದ, ಆದರೆ ಅಲೆಯ ಸೆಳೆತ ಜಾಸ್ತಿ. ನೀರಿಗೆ ಇಳಿಯಬೇಡಿ. ಕಾರವಾರದಾಚೆ ತಿಳ್‌ಮಾತಿಯಲ್ಲಿ ಎಳ್ಳಿನಂಥ ಕಪ್ಪು ಮರಳಿದೆ. ಅಂಥ ಮರಳಲ್ಲಿ ಯಂತ್ರ ನಮ್ಮ ಅಂಗಳದಲ್ಲಿ ಕೂಗಿದ ಹಾಗೇ ಕೂಗಬಹುದು, ಅದನ್ನು ಚೀಲದಲ್ಲೇ ಬಿಟ್ಟು ಸುಮ್ನೆ ಕೂತು ಬನ್ನಿ.

ಮೀನುಗಾರರು ಕೈರಂಪಣಿ ಬಲೆ ಎಳೆಯುತ್ತಿದ್ದರೆ ದೂರ ಸರಿಯಿರಿ. ಅದು ಅವರ ಅನ್ನದ ಜಾಗ. ಕಾಸರಕೋಡಿನ ಸುತ್ತ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಅರಣ್ಯ ಇಲಾಖೆಯವರು ಬಲೆ ಕಟ್ಟಿದ ಜಾಗದ ಹತ್ತಿರ ಹೋಗಬೇಡಿ. ಕತ್ತಲಾದ ಮೇಲೆ ಟಾರ್ಚ್ ಹಾಕಿ ಓಡಾಡುವುದೂ ಬೇಡ.

ಬೀಚಿಗಿಳಿದ ಮೇಲೆ ಎಲ್ಲಿಂದ ಶುರು ಮಾಡಲಿ?

ಹತ್ತು ನಿಮಿಷ ಯಂತ್ರ ತೆಗೆಯಬೇಡಿ. ನಿಂತು ನೋಡಿ. ಜನ ಎಲ್ಲಿ ಜಮಖಾನ ಹಾಸುತ್ತಾರೆ, ಹುಡುಗರು ಎಲ್ಲಿ ವಾಲಿಬಾಲ್ ಆಡುತ್ತಾರೆ, ಚುರುಮುರಿ ಗಾಡಿ ಎಲ್ಲಿ ನಿಲ್ಲುತ್ತದೆ? ವಸ್ತು ಕಳೆಯುವುದು ಅಲ್ಲೇ. ಕೂತು ಏಳುವಾಗ ಜೇಬಿನಿಂದ, ಬಟ್ಟೆ ಬದಲಿಸುವಾಗ ಕಿವಿಯಿಂದ, ಚಿಲ್ಲರೆ ಎಣಿಸುವಾಗ ಕೈಯಿಂದ ಜಾರುತ್ತವೆ.

ಕಾಯಿಲನ್ನು ನೆಲದಿಂದ ಎರಡು ಬೆರಳು ಮೇಲೆ, ಸಮನಾಗಿ ಆಡಿಸಿ. ತೂಗುಯ್ಯಾಲೆಯ ಹಾಗೆ ಕೊನೆಯಲ್ಲಿ ಮೇಲೆತ್ತಬಾರದು. ಅಂಗಳ ಸಾರಿಸುವಾಗ ಒಂದು ಪಟ್ಟೆಯ ಮೇಲೆ ಇನ್ನೊಂದು ಪಟ್ಟೆ ಬರುತ್ತದಲ್ವಾ, ಹಾಗೆ ಒಂದರ ಮೇಲೊಂದು ಬರಲಿ. ಅವಸರ ಮಾಡಿದರೆ ಏನೂ ಸಿಗುವುದಿಲ್ಲ.

ಸದ್ದು ಬಂತು. ಈಗ?

ಅದೇ ಜಾಗದ ಮೇಲೆ ಅಡ್ಡ ಒಮ್ಮೆ, ಉದ್ದ ಒಮ್ಮೆ ಆಡಿಸಿ. ಎರಡೂ ಸಲ ಸದ್ದು ಜೋರಾಗುವ ಬಿಂದುವಿನ ಕೆಳಗೇ ವಸ್ತು ಇರುತ್ತದೆ. ಸಲಿಕೆಯಲ್ಲಿ ಒಂದು ಹಿಡಿ ತೆಗೆದು ಜಾಲಿಸಿ. ಮತ್ತೆ ಗುಂಡಿಯ ಮೇಲೆ ಕಾಯಿಲ್ ಹಿಡಿಯಿರಿ. ಸದ್ದಿಲ್ಲದಿದ್ದರೆ ವಸ್ತು ಸಲಿಕೆಯಲ್ಲಿದೆ. ಗುಂಡಿಯನ್ನು ಆಗಲೇ ಮುಚ್ಚಿ, ಕಾಲಿನಿಂದ ತಟ್ಟಿ. ಸಂಜೆ ಅಲ್ಲಿ ಮಕ್ಕಳು ಓಡುತ್ತಾರೆ.

ಹೊರದೇಶದವರ ವಿಡಿಯೊ ನೋಡಿದವರು ಕಬ್ಬಿಣದ ಸದ್ದನ್ನು ಪೂರ್ತಿ ಬಂದ್ ಮಾಡಿಡುತ್ತಾರೆ. ನಮ್ಮಲ್ಲಿ ಅದು ಸರಿಹೋಗುವುದಿಲ್ಲ. 1992ರಿಂದ ಬಂದ ಒಂದು ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲಿನದು. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ಹಿಡಿದು ನೋಡಿ, ಅಂಟುತ್ತದೆ. ಹಾಗಾಗಿ ಯಂತ್ರ ಅದನ್ನು ಎಷ್ಟೋ ಸಲ ಕಬ್ಬಿಣವೆಂದೇ ಹೇಳುತ್ತದೆ. ಚಿನ್ನದ ಸಣ್ಣ ಓಲೆಯೋ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದದಷ್ಟೇ ಮೆತ್ತಗಿನ ಸದ್ದು ಕೊಡುತ್ತದೆ. ಕಾಗದ ಬೇಡವೆಂದು ಬಿಟ್ಟರೆ ಓಲೆಯನ್ನೂ ಬಿಟ್ಟ ಹಾಗೆ. ಅದಕ್ಕೇ ನಾನು ಎಲ್ಲ ಸದ್ದನ್ನೂ ತೋಡುತ್ತೇನೆ.

ಏನೇನು ಸಿಗುತ್ತದೆ? ಖರ್ಚು ಹುಟ್ಟುತ್ತದಾ?

ಹುಟ್ಟುವುದಿಲ್ಲ. ದುಡ್ಡಿಗಾಗಿ ಬರುವುದಾದರೆ ಬರಬೇಡಿ ಎಂದು ಮೊದಲೇ ಹೇಳುತ್ತೇನೆ. ಸಿಗುವುದು ಬಾಟಲಿ ಮುಚ್ಚಳ, ಮಾತ್ರೆಯ ಹಾಳೆ, ಬಲೆಯ ಸೀಸದ ಗುಂಡು, ದೋಣಿಯ ಮೊಳೆ, ಚಿಲ್ಲರೆ. ಕೆಲವೊಮ್ಮೆ ಹಳೆಯ ಅಲ್ಯೂಮಿನಿಯಂ ಪೈಸೆ. ಅಂಚು ಅಲೆಅಲೆಯಾಗಿದ್ದ ಹತ್ತು ಪೈಸೆ, ಆರು ಮೂಲೆಯ ಇಪ್ಪತ್ತು ಪೈಸೆ ನೆನಪಿದೆಯಾ? ಉಪ್ಪುನೀರು ಅವನ್ನು ಗೆದ್ದಲು ತಿಂದ ಎಲೆಯಂತೆ ಮಾಡಿರುತ್ತದೆ. ಬೆಳ್ಳಿ ಕಪ್ಪಾಗಿರುತ್ತದೆ. ಚಿನ್ನ ಮಾತ್ರ ನಿನ್ನೆ ಬಿದ್ದ ಹಾಗೇ ಹೊಳೆಯುತ್ತದೆ. ಅದು ತುಂಬ ಭಾರದ ಲೋಹ, ಮರಳಿಗಿಂತ ಆರೇಳು ಪಟ್ಟು. ಅಲೆ ಮರಳನ್ನು ಕಲಕಿದಷ್ಟೂ ಕೆಳಗಿಳಿಯುತ್ತದೆ. ಕಳೆದ ದಿನವೇ ಹುಡುಕುವುದು ಒಳ್ಳೆಯದು ಅನ್ನುವುದು ಇದಕ್ಕೇ.

ಯಾರದೋ ಒಡವೆ ಸಿಕ್ಕಿದರೆ ಏನು ಮಾಡುತ್ತೀರಿ?

ವಾಪಸ್ ಕೊಡುತ್ತೇನೆ. ಈ ಹವ್ಯಾಸದಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಇದೊಂದೇ.

ಒಂದು ಫೆಬ್ರವರಿಯ ಭಾನುವಾರ. ಸಂಜೆ ನಾಲ್ಕರ ಹೊತ್ತಿಗೆ ಶಿಕಾರಿಪುರ ಕಡೆಯ ಒಂದು ಕುಟುಂಬ ಮರಳಿನಲ್ಲಿ ಬಗ್ಗಿ ಕೈಯಾಡಿಸುತ್ತಿತ್ತು. ಇಪ್ಪತ್ತೈದರ ಹುಡುಗಿ ಒಂದು ಕಿವಿ ಮುಚ್ಚಿಕೊಂಡು ನಿಂತಿದ್ದಳು. ಇನ್ನೊಂದು ಕಿವಿಯಲ್ಲಿ ಏಳು ಹರಳಿನ ಹಳೇ ಬೆಂಡೋಲೆ. "ಅಜ್ಜಿದು ಅಣ್ಣಾ, ಮದುವೆಗೆ ಅಂತ ಕೊಟ್ಟಿದ್ರು" ಅಂದಳು.

ಮೊದಲು ಎಲ್ಲರನ್ನೂ ಕೈ ತೆಗೆಯಲು ಹೇಳಿದೆ. ಕೈಯಾಡಿಸಿದಷ್ಟೂ ಓಲೆ ಕೆಳಗೆ ಹೋಗುತ್ತದೆ. "ಆಗ ಹೇಗೆ ಕೂತಿದ್ದೆ, ಹಾಗೇ ಕೂತು ತೋರಿಸಮ್ಮ" ಅಂದೆ. ಅವಳು ಕೂತಳು. ತಲೆ ಒರೆಸಿಕೊಂಡಿದ್ದು, ಜಮಖಾನ ಕೊಡವಿದ್ದು ಎಲ್ಲ ಮಾಡಿ ತೋರಿಸಿದಳು. ಗಾಳಿ ಕಡಲಿನಿಂದ ಬೀಸುತ್ತಿತ್ತು, ಜಮಖಾನ ಕೊಡವಿದ್ದು ತೆಂಗಿನ ಮರಗಳ ಕಡೆಗೆ. ನನ್ನ ಮಗಳು ಹಿಮ್ಮಡಿಯಿಂದ ಮರಳಿನ ಮೇಲೆ ಗೆರೆ ಎಳೆದು ಚೌಕ ಮಾಡಿದಳು. ಒಂದೊಂದೇ ಚೌಕ ನೋಡುತ್ತ ಹೋದೆ. ಹನ್ನೊಂದು ಸಲ ಸಿಗರೇಟಿನ ಬೆಳ್ಳಿ ಕಾಗದ ಬಂತು. ಪ್ರತಿ ಸಲವೂ ಅವಳು ಹತ್ತಿರ ಬಂದು, ನೋಡಿ, ಹಿಂದೆ ಹೋಗುತ್ತಿದ್ದಳು. ಹನ್ನೆರಡನೆಯ ಸದ್ದೂ ಅಷ್ಟೇ ಮೆತ್ತಗಿತ್ತು. ಸಲಿಕೆ ಜಾಲಿಸಿದೆ. ಮರಳು ಉದುರಿ ಕೊನೆಗೆ ಮೂರು ಕಪ್ಪೆಚಿಪ್ಪಿನ ಚೂರು ಉಳಿದವು. ಅವುಗಳ ನಡುವೆ ಓಲೆ ಮಗುಚಿ ಬಿದ್ದಿತ್ತು, ಹರಳಿನ ಮುಖ ಕೆಳಗೆ. ತಿರುಪು ಸಿಗಲಿಲ್ಲ. ಅವಳು ಅದನ್ನು ಕಿವಿಗೆ ಇಡಲಿಲ್ಲ, ಸೆರಗಿನ ತುದಿಗೆ ಎರಡು ಗಂಟು ಹಾಕಿ ಕಟ್ಟಿಕೊಂಡಳು.

ಕಳೆದುಕೊಂಡವರು ಎದುರಿಗೆ ಇಲ್ಲದಿದ್ದರೆ ಬೀಚಿನ ಸಿಬ್ಬಂದಿಗೆ ಹೇಳಿ. ಆಮೇಲೆ ಹತ್ತಿರದ ಪೊಲೀಸ್ ಠಾಣೆಗೆ ಕೊಟ್ಟು ಹಿಂಬರಹ ತೆಗೆದುಕೊಳ್ಳಿ. ಸಿಕ್ಕಿದ್ದನ್ನು ಅಪ್ರಾಮಾಣಿಕವಾಗಿ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. ಯಾರಾದರೂ ತಮ್ಮದೇ ಎಂದು ಬಂದರೆ ವಸ್ತು ತೋರಿಸುವ ಮೊದಲು ಗುರುತು ಕೇಳಿ. ಹರಳೆಷ್ಟು, ಒಳಗೆ ಏನು ಕೆತ್ತಿದೆ, ಎಲ್ಲಿ ಬೆಸುಗೆ ಇದೆ? ಸ್ವಂತ ಒಡವೆಯಾದರೆ ಕಣ್ಣು ಮುಚ್ಚಿ ಹೇಳುತ್ತಾರೆ.

ತುಂಬ ಹಳೆಯ ನಾಣ್ಯ ಬಂದರೆ?

ತೊಳೆಯಬೇಡಿ. ಹುಣಸೆಹಣ್ಣು ಹಾಕಿ ಉಜ್ಜುವುದಂತೂ ಬೇಡವೇ ಬೇಡ. ಮೇಲಿನ ಪದರ ಹೋದರೆ ಅಕ್ಷರವೂ ಹೋಗುತ್ತದೆ. ಸಿಕ್ಕ ಜಾಗದ ಫೋಟೊ ತೆಗೆದು, ಎಷ್ಟು ಆಳ ಎಂದು ಬರೆದಿಟ್ಟು, ಅಲ್ಲಿಗೇ ಅಗೆಯುವುದು ನಿಲ್ಲಿಸಿ. ಹೊನ್ನಾವರ ಹಿಂದೆ ದೊಡ್ಡ ಬಂದರು, ಪೋರ್ಚುಗೀಸರೂ ಬಂದುಹೋದ ಊರು. ಅಲ್ಲಿ ಒಂದು ನಾಣ್ಯಕ್ಕಿಂತ ಅದು ಸಿಕ್ಕ ಜಾಗದ ಸುದ್ದಿ ದೊಡ್ಡದು. ಜಿಲ್ಲಾಧಿಕಾರಿ ಕಚೇರಿಗೆ ಬರೆದು ತಿಳಿಸಿ. ಹಳೇ ನಾಣ್ಯ ನೋಡುವ ಆಸೆ ಇದ್ದರೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸರ್ಕಾರಿ ಸಂಗ್ರಹಾಲಯಕ್ಕೆ ಹೋಗಿ.

ತುಂಗೆ, ಶರಾವತಿಯ ಹಿನ್ನೀರಲ್ಲಿ ಹುಡುಕಬಹುದಾ?

ದಯವಿಟ್ಟು ಬೇಡ. ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದಲೇ ಹೊಳೆಗೆ ನಾಣ್ಯ ಹಾಕಿ ಕೈಮುಗಿಯುವವರಿದ್ದಾರೆ. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ತುಂಗೆಗೆ ಮಿಂದು ಕಾಣಿಕೆ ಬಿಡುವವರಿದ್ದಾರೆ. ಅದು ಕಳೆದದ್ದಲ್ಲ, ಕೊಟ್ಟದ್ದು.

ಲಿಂಗನಮಕ್ಕಿ ಹಿನ್ನೀರಿನದು ಇನ್ನೂ ನೋವಿನ ವಿಷಯ. 1964ರಲ್ಲಿ ಅಣೆಕಟ್ಟು ಮುಗಿದು ಎಷ್ಟೋ ಊರು ಮುಳುಗಡೆಯಾದವು. ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೆ ಬರುತ್ತದೆ. ಅಲ್ಲಲ್ಲಿ ಮನೆಯ ತಳಪಾಯ, ಬಾವಿಕಟ್ಟೆ, ತುಳಸಿಕಟ್ಟೆಯ ಕಲ್ಲು ಕಾಣುತ್ತವೆ. ಆ ಅಂಗಳದಲ್ಲಿ ಆಡಿ ಬೆಳೆದ ಅಜ್ಜಂದಿರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಅಂಗಳವನ್ನು ನಾನು ಅಗೆಯಲಾರೆ.

ಮಕ್ಕಳನ್ನು ಕರೆದೊಯ್ಯಬಹುದಾ?

ಖಂಡಿತ. ಕಸ ಎಣಿಸುವ ಕೆಲಸ ಅವರಿಗೇ ಕೊಡಿ, ಉತ್ಸಾಹ ಬರುತ್ತದೆ. ಒಂದು ಬೆಳಿಗ್ಗೆ ನನ್ನ ಮಗಳು 64 ಮುಚ್ಚಳ ಲೆಕ್ಕ ಹಾಕಿದ್ದಳು. ನೀರು ಮೊಣಕಾಲು ಮುಟ್ಟುವಲ್ಲಿ ದೊಡ್ಡವರೂ ನಿಲ್ಲಬೇಕು, ಮಕ್ಕಳಿಗೆ ಒಣ ಮರಳು ಸಾಕು. ಹೆಡ್‌ಫೋನ್ ಹಾಕಿಕೊಂಡು ಕಡಲಿಗೆ ಬೆನ್ನು ತಿರುಗಿಸಿ ಯಾರೂ ನಿಲ್ಲಬೇಡಿ.

ಮನೆಗೆ ಬಂದ ಮೇಲೆ ಯಂತ್ರಕ್ಕೆ ಏನು ಮಾಡಬೇಕು?

ಅದೇ ರಾತ್ರಿ ಮಾಡಬೇಕು, ಎಷ್ಟೇ ಸುಸ್ತಾಗಿದ್ದರೂ. ಬ್ಯಾಟರಿ ತೆಗೆಯಿರಿ. ಕಾಯಿಲ್‌ನ ಪ್ಲಾಸ್ಟಿಕ್ ಕವಚ ಬಿಚ್ಚಿದರೆ ಒಳಗೆ ಒಂದು ಚಮಚ ಮರಳು ಕೂತಿರುತ್ತದೆ. ಕಾಯಿಲನ್ನೂ ಕೋಲನ್ನೂ ಬಾವಿ ನೀರಿನಲ್ಲಿ ತೊಳೆಯಿರಿ. ಕಾಯಿಲ್‌ಗೆ ನೀರು ತಾಗಿದರೆ ಪರವಾಗಿಲ್ಲ, ಆದರೆ ಎಷ್ಟೋ ಯಂತ್ರಗಳ ಮೇಲಿನ ಪೆಟ್ಟಿಗೆ ನೀರು ತಡೆಯುವುದಿಲ್ಲ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು. ನೆರಳಲ್ಲಿ ಒಣಗಿಸಿ. ಮಳೆಗಾಲ ಬಂತೆಂದರೆ ನಮ್ಮಲ್ಲಿ ಎಲ್ಲದಕ್ಕೂ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಮೇ ಕೊನೆಗೆ ನಮ್ಮ ಯಂತ್ರ ಹಳೇ ಪಂಚೆ ಸುತ್ತಿಕೊಂಡು, ಒಳಗಿನ ಕೋಣೆಯ ಬೆಚ್ಚಗಿನ ಕಪಾಟು ಸೇರುತ್ತದೆ. ಮತ್ತೆ ಹೊರಗೆ ಬರುವುದು ನವರಾತ್ರಿ ಕಳೆದ ಮೇಲೆ.